ಮೊದಲ ಕೋವಿಯ ಆಯ್ಕೆ

ಮಂಗಳೂರಿನಿಂದ ಬಿ.ಸಿ. ರೋಡಿನ ಕಡೆಗೆ ನೇತ್ರಾವತಿಯ ದಡವನ್ನು ಅನುಸರಿಸಿ ಹೋಗುವವರಿಗೆ ದಾರಿಯಲ್ಲಿ ಫರಂಗಿಪೇಟೆ ಸಿಗುತ್ತದೆ. 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿದ ಪೋರ್ಚುಗೀಸರನ್ನು ನಮ್ಮ ಹಿರಿಯರು ಫರಂಗಿಗಳೆಂದು ಕರೆದರು; ಊರಿಗೆ ಆ ಹೆಸರು ಉಳಿಯಿತು. ಅದೇ ಮಾತು ತುಸು ರೂಪ ಬದಲಿಸಿಕೊಂಡು ಕನ್ನಡದಲ್ಲಿ ‘ಫಿರಂಗಿ’ ಎಂದಾಗಿ ತೋಪಿಗೆ ಹೆಸರಾಯಿತು. ಹೀಗೆ ಸಿಡಿಮದ್ದಿನ ನೆನಪನ್ನು ಹೆಸರಿನಲ್ಲಿಯೇ ಹೊತ್ತ ಈ ಊರಿನ ಸುತ್ತಮುತ್ತ, ಎಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕೃಷಿಕರ ಮನೆಗಳಲ್ಲಿ ಕೋವಿ ಇಂದಿಗೂ ಅಪರೂಪದ ವಸ್ತುವಲ್ಲ. ತುಳುವಿನಲ್ಲಿ ಅದು ‘ಬೆಡಿ’, ಬೇಟೆಯು ‘ಬೋಂಟೆ’. ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಎಂಬ ಪುಸ್ತಕವನ್ನು ಓದಿದವರಿಗೆ ಈ ಜಿಲ್ಲೆಯಲ್ಲಿ ಬೇಟೆಯು ಎಷ್ಟು ಆಳವಾಗಿ ಬೇರೂರಿತ್ತೆಂಬುದು ತಿಳಿದೇ ಇದೆ.

ಮನೆಯ ಗೋಡೆಯ ಮೇಲೆ ಅಜ್ಜನ ಕೋವಿಯನ್ನು ನೋಡುತ್ತ ಬೆಳೆದ ಹುಡುಗನಿಗೆ ತನಗೂ ಒಂದು ಕೋವಿ ಬೇಕೆಂಬ ಆಸೆ ಹುಟ್ಟುವುದು ಸಹಜ. ಅವನು ಕೇಳುವ ಮೊದಲ ಪ್ರಶ್ನೆ, ‘ಯಾವ ಕೋವಿ ಹೆಚ್ಚು ಬಲವಾದುದು?’ ಎಂಬುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ‘ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ?’ ಕೋವಿಯ ಆಯ್ಕೆಯೆಲ್ಲವೂ ಈ ಎರಡನೆಯ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಬಲ್ಲವರು ಆ ಉತ್ತರವನ್ನು ತಾವೇ ಲೆಕ್ಕಹಾಕಬಲ್ಲರು. ಹೇಗೆಂಬುದನ್ನು ನೋಡೋಣ.

ಕೋವಿಯ ಎರಡು ಕುಲಗಳು

ಕೋವಿಗಳಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಒಂದರ ನಳಿಗೆಯ ಒಳಮೈ ಬಿದಿರಿನ ಕೊಳವೆಯಂತೆ ನುಣುಪಾಗಿರುತ್ತದೆ. ಇನ್ನೊಂದರ ಒಳಮೈಯಲ್ಲಿ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೆರೆಗಳನ್ನು ಕೊರೆದಿರುತ್ತಾರೆ. ಎರಡನೆಯದೇ ರೈಫಲ್. ಮಾತಿನಲ್ಲಿ ಎಲ್ಲ ಉದ್ದ ಕೋವಿಗಳನ್ನೂ ರೈಫಲ್ ಎನ್ನುವ ರೂಢಿಯಿದ್ದರೂ ಇವೆರಡರ ಕೆಲಸ ಬೇರೆ ಬೇರೆ.

ನುಣುಪು ನಳಿಗೆಯ ಕೋವಿಯಿಂದ ಒಂದೇ ಈಡಿಗೆ ಹಲವು ಸೀಸದ ಚರೆಗಳು ಹೊರಟು, ಮುಂದೆ ಹೋದಂತೆಲ್ಲ ಅಗಲವಾಗಿ ಹರಡುತ್ತವೆ. ನಮ್ಮ ಕೃಷಿಕರ ಮನೆಗಳಲ್ಲಿರುವ ಒಂಟಿನಳಿಗೆ, ಜೋಡುನಳಿಗೆಯ ತೋಟೆ ಕೋವಿಗಳು ಈ ಜಾತಿಯವು. ಇವುಗಳಲ್ಲಿ ‘12 ಬೋರ್’ ಎಂಬುದು ಎಲ್ಲರಿಗೂ ಪರಿಚಿತವಾದ ಹೆಸರು. ಒಂದು ಪೌಂಡು ಸೀಸವನ್ನು 12 ಸಮಭಾಗ ಮಾಡಿ ಉಂಡೆ ಕಟ್ಟಿದರೆ ಒಂದೊಂದು ಉಂಡೆ ಸುಮಾರು 37.8 ಗ್ರಾಂ ತೂಗುತ್ತದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಇದರಿಂದ ಗೋಳದ ವ್ಯಾಸವನ್ನು ಕಂಡುಹಿಡಿದರೆ 18.5 ಮಿಲಿಮೀಟರ್ ಬರುತ್ತದೆ. ಅದೇ 12 ಬೋರಿನ ನಳಿಗೆಯ ಅಗಲ. ಪೌಂಡಿನಿಂದ 16 ಉಂಡೆ ಮಾಡಿದರೆ ಉಂಡೆ ಚಿಕ್ಕದಾಗುವುದರಿಂದ 16 ಬೋರಿನ ನಳಿಗೆಯು 12 ಬೋರಿಗಿಂತ ಕಿರಿದು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದಾಗುವ ಈ ವಿಚಿತ್ರಕ್ಕೆ ಇದೇ ಕಾರಣ.

ರೈಫಲ್ಲಿನಲ್ಲಿ ಒಂದು ಸಲಕ್ಕೆ ಒಂದೇ ಗುಂಡು. ಅದು ಗೋಲಿಯಂತೆ ದುಂಡಗಿರದೆ, ಮೂತಿ ಚೂಪಾಗಿ ಅಥವಾ ಬೋಳಾಗಿ, ಉದ್ದವಾಗಿರುತ್ತದೆ. ಇಂತಹ ಉದ್ದನೆಯ ವಸ್ತುವನ್ನು ಸುಮ್ಮನೆ ಎಸೆದರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ತಿರುಗಿಸಿ ಹೊರಬಿಡುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಮೂತಿಯನ್ನು ಮುಂದಿಟ್ಟುಕೊಂಡೇ ಸಾಗುತ್ತದೆ. ಸಾಮಾನ್ಯವಾದ ಪಾಯಿಂಟ್ 22 ರೈಫಲ್ಲಿನಲ್ಲಿ ಗೆರೆಗಳು 16 ಅಂಗುಲಕ್ಕೆ, ಎಂದರೆ ಸುಮಾರು 40 ಸೆಂಟಿಮೀಟರಿಗೆ, ಒಂದು ಸುತ್ತು ಬರುತ್ತವೆ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಭಾಗಿಸಿ ನೋಡಿದರೆ ಗುಂಡು ಸೆಕೆಂಡಿಗೆ 800ಕ್ಕೂ ಹೆಚ್ಚು ಸಲ ತಿರುಗುತ್ತದೆಂದು ತಿಳಿಯುತ್ತದೆ.

ಈಡು ಎಷ್ಟು ದೂರ ಹೋಗುತ್ತದೆ?

ನಳಿಗೆಯಿಂದ ಹೊರಟ ಚರೆಯನ್ನು ಎರಡು ಸಂಗತಿಗಳು ತಡೆಯುತ್ತವೆ: ಭೂಮಿಯ ಸೆಳೆತ ಮತ್ತು ಗಾಳಿಯ ತಡೆ. ಗಾಳಿಯೇ ಇಲ್ಲದಿದ್ದರೆ ದೊಡ್ಡ ಚರೆ, ಸಣ್ಣ ಚರೆಗಳೆಲ್ಲ ಒಂದೇ ದೂರ ಹೋಗಬೇಕಿತ್ತು. ಗಾಳಿಯಿರುವುದರಿಂದ ವ್ಯತ್ಯಾಸ ಉಂಟಾಗುತ್ತದೆ. 4 ಮಿಲಿಮೀಟರ್ ವ್ಯಾಸದ ಒಂದು ಚರೆಯನ್ನೂ 8 ಮಿಲಿಮೀಟರ್ ವ್ಯಾಸದ ಇನ್ನೊಂದನ್ನೂ ತೆಗೆದುಕೊಳ್ಳೋಣ. ಗಾಳಿಗೆ ಒಡ್ಡಿದ ಮುಖದ ವಿಸ್ತಾರವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ದೊಡ್ಡ ಚರೆಯ ಮುಖ ನಾಲ್ಕು ಪಟ್ಟು. ತೂಕವಾದರೋ ವ್ಯಾಸದ ಘನವನ್ನು ಅನುಸರಿಸುತ್ತದೆ. ಆದುದರಿಂದ ಅದು ಎಂಟು ಪಟ್ಟು. ತಡೆ ನಾಲ್ಕು ಪಟ್ಟಾದರೂ ತಡೆಯಬೇಕಾದ ವಸ್ತು ಎಂಟು ಪಟ್ಟಾದುದರಿಂದ, ದೊಡ್ಡ ಚರೆಯ ವೇಗವು ಅರ್ಧದಷ್ಟು ನಿಧಾನವಾಗಿ ಇಳಿಯುತ್ತದೆ. ಎಂದರೆ ಚರೆ ದಪ್ಪವಾದಷ್ಟೂ ಹೆಚ್ಚು ದೂರ ಹೋಗುತ್ತದೆ.

ಫ್ರೆಂಚ್ ಸೇನಾಧಿಕಾರಿಯಾಗಿದ್ದ ಝೂರ್ನೆ ಎಂಬವರು ಇದನ್ನು ಒಂದು ಸರಳ ಸೂತ್ರದಲ್ಲಿ ಅಡಕಗೊಳಿಸಿದರು. ನಮ್ಮ ಅಳತೆಗೆ ತಿರುಗಿಸಿದರೆ ಅದು ಹೀಗಾಗುತ್ತದೆ: ಸೀಸದ ಚರೆಯ ವ್ಯಾಸ ಎಷ್ಟು ಮಿಲಿಮೀಟರೋ ಅದನ್ನು 80ರಿಂದ ಗುಣಿಸಿದರೆ, ಚರೆಯು ಹೋಗಬಹುದಾದ ಪರಮಾವಧಿ ದೂರವು ಸುಮಾರಾಗಿ ಮೀಟರುಗಳಲ್ಲಿ ದೊರೆಯುತ್ತದೆ. ಹಕ್ಕಿಗೆ ಬಳಸುತ್ತಿದ್ದ 6ನೆಯ ನಂಬರಿನ ಚರೆಯ ವ್ಯಾಸ 2.6 ಮಿಲಿಮೀಟರ್, ಅದು 200 ಮೀಟರಿನ ಆಸುಪಾಸಿನಲ್ಲಿ ನೆಲಕ್ಕೆ ಬೀಳುತ್ತದೆ. ಹಂದಿಗೆಂದು ತುಂಬುವ ‘ಎಸ್.ಜಿ.’ ಚರೆಯ ವ್ಯಾಸ ಸುಮಾರು 8.4 ಮಿಲಿಮೀಟರ್, ಅದು 670 ಮೀಟರಿನವರೆಗೂ ಹೋಗಬಲ್ಲದು. ಈ ಚರೆ ಕೆಲಸಕ್ಕೆ ಬರುವುದು ನಲವತ್ತು ಐವತ್ತು ಮೀಟರಿನೊಳಗೆ ಮಾತ್ರ ಎಂಬುದನ್ನು ನೆನಪಿನಲ್ಲಿಡಬೇಕು. ಕೆಲಸಕ್ಕೆ ಬರುವ ದೂರಕ್ಕೂ ಅಪಾಯ ತರುವ ದೂರಕ್ಕೂ ಇರುವ ಈ ಅಂತರವನ್ನು ಅರಿಯದವನು ಕೋವಿಯನ್ನು ಅರಿಯದವನೇ ಸರಿ.

ಇನ್ನು ರೈಫಲ್ಲಿನ ಗುಂಡು. ಪಾಯಿಂಟ್ 22ರ ಗುಂಡಿನ ವ್ಯಾಸ ಸುಮಾರು 5.6 ಮಿಲಿಮೀಟರ್. ಇದೇ ವ್ಯಾಸದ ಸೀಸದ ಗೋಲಿಯು 1 ಗ್ರಾಂಗೆ ತುಸು ಹೆಚ್ಚು ತೂಗುತ್ತದೆ; ಆದರೆ ಗುಂಡು ಉದ್ದವಾಗಿರುವುದರಿಂದ 2.6 ಗ್ರಾಂ ತೂಗುತ್ತದೆ. ಗಾಳಿಗೆ ಒಡ್ಡಿದ ಮುಖ ಅಷ್ಟೇ, ಹಿಂದಿರುವ ತೂಕ ಎರಡೂವರೆ ಪಟ್ಟು. ಜೊತೆಗೆ ಗಾಳಿಯನ್ನು ಸೀಳುವ ಆಕಾರ. ಆದುದರಿಂದ ರೈಫಲ್ಲುಗಳಲ್ಲಿ ‘ಸಣ್ಣದು’ ಎನಿಸಿಕೊಂಡ ಈ ಪಾಯಿಂಟ್ 22ರ ಗುಂಡು ಸಹ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗುತ್ತದೆ. ದೊಡ್ಡ ಬೇಟೆಯ ರೈಫಲ್ಲಿನ ಗುಂಡು ಮೂರು ಕಿಲೋಮೀಟರನ್ನೂ ಮೀರಬಲ್ಲದು.

ಈಗ ಫರಂಗಿಪೇಟೆಯ ನಕ್ಷೆಯನ್ನು ತೆಗೆದು ಯಾವುದಾದರೊಂದು ತೋಟವನ್ನು ಕೇಂದ್ರವಾಗಿಟ್ಟುಕೊಂಡು ಒಂದೂವರೆ ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಎಳೆದು ನೋಡೋಣ. ರಾಷ್ಟ್ರೀಯ ಹೆದ್ದಾರಿ, ರೈಲುಹಳಿ, ನದಿ, ನದಿಯಾಚೆಯ ತೋಟಗಳು ಎಲ್ಲವೂ ಅದರೊಳಗೆ ಬರುತ್ತವೆ. ಬಯಲುಸೀಮೆಯಲ್ಲಿ ಮನೆಗಳೆಲ್ಲ ಊರೊಳಗೆ ಒತ್ತಾಗಿದ್ದು ಹೊಲಗಳು ಹೊರಗೆ ಬರಿದಾಗಿ ಹರಡಿರುತ್ತವೆ. ದಕ್ಷಿಣ ಕನ್ನಡದಲ್ಲಿ ಹಾಗಲ್ಲ. ಇಲ್ಲಿ ತೋಟಕ್ಕೊಂದು ಮನೆ; ಅಡಕೆ ಮರಗಳ ಮರೆಯಲ್ಲಿ, ಕಣ್ಣಿಗೆ ಕಾಣದಂತೆ, ಎಲ್ಲ ದಿಕ್ಕುಗಳಲ್ಲಿಯೂ ಮನೆಗಳಿವೆ. ಸಾಲದುದಕ್ಕೆ ಇಲ್ಲಿನ ಮುರಕಲ್ಲಿಗೆ ಓರೆಯಾಗಿ ತಗಲಿದ ಗುಂಡು ಚಿಮ್ಮಿ ಬೇರೆ ದಿಕ್ಕು ಹಿಡಿಯಬಹುದು. ನೀರಿನ ಮೇಲೆ ಓರೆಯಾಗಿ ಎಸೆದ ಬಿಲ್ಲೆಗಲ್ಲು ಕುಪ್ಪಳಿಸುವಂತೆ ನದಿಯ ಮೇಲೂ ಗುಂಡು ಚಿಮ್ಮುತ್ತದೆ. ಇಂತಹ ನೆಲದಲ್ಲಿ ಬೆಳೆ ಕಾಯಲು ರೈಫಲ್ ಹಿಡಿಯುವುದು ಸರಿಯಾದ ಆಯ್ಕೆಯಲ್ಲ. ಭಾರತದ 1959ರ ಆಯುಧ ಕಾಯಿದೆಯೂ ಇದೇ ದಾರಿಯಲ್ಲಿ ನಡೆದಿದೆ. ಅದರ 13ನೆಯ ಕಲಮು ರಕ್ಷಣೆಗಾಗಿ 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ, ಬೆಳೆರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ ಹೆಸರಿಸುತ್ತದೆ, ರೈಫಲ್ಲನ್ನಲ್ಲ.

ಹಿಂದೊದೆತದ ಲೆಕ್ಕ

ತರುಣರು ಕೋವಿಯನ್ನು ಎತ್ತಿ ನೋಡಿ, ‘ಇದು ಹಗುರವಾಗಿದೆ, ನನಗೆ ಇದೇ ಒಳ್ಳೆಯದು’ ಎನ್ನುವುದುಂಟು. ನ್ಯೂಟನ್ನನ ಮೂರನೆಯ ನಿಯಮವನ್ನು ನೆನಪಿಸಿಕೊಂಡರೆ ಈ ಮಾತು ಪೂರ್ತಿ ನಿಜವಲ್ಲವೆಂದು ತಿಳಿಯುತ್ತದೆ.

12 ಬೋರಿನ ಸಾಮಾನ್ಯ ತೋಟೆಯೊಂದು 32 ಗ್ರಾಂ ಚರೆಯನ್ನು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಿಂದ ಹೊರಹಾಕುತ್ತದೆ ಎನ್ನೋಣ. ಚರೆಗೆ ಮುಂದಕ್ಕೆ ದೊರೆತ ಸಂವೇಗವೆಷ್ಟೋ ಕೋವಿಗೆ ಹಿಂದಕ್ಕೆ ದೊರೆಯುವ ಸಂವೇಗವೂ ಅಷ್ಟೇ. ಮದ್ದಿನ ಅನಿಲದ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ, 3 ಕಿಲೋ ತೂಕದ ಕೋವಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಿಂದ ಹೆಗಲಿಗೆ ಒದೆಯುತ್ತದೆ. ಆ ಒದೆತದ ಚಲನಶಕ್ತಿ ಸುಮಾರು 23 ಜೂಲ್. ಅದೇ ತೋಟೆಯನ್ನು 2.4 ಕಿಲೋ ತೂಕದ ಹಗುರ ಕೋವಿಯಲ್ಲಿ ಹಾಕಿದರೆ ವೇಗ ಸುಮಾರು 5 ಮೀಟರಿಗೂ ಶಕ್ತಿ 29 ಜೂಲಿಗೂ ಏರುತ್ತದೆ. ಹೊರುವಾಗ ಹಗುರವಾದುದು ಹೊಡೆಯುವಾಗ ಭಾರವಾಗುತ್ತದೆ. ಪಾಯಿಂಟ್ 22 ರೈಫಲ್ಲಿನಲ್ಲಾದರೋ ಗುಂಡು ಬಹಳ ಹಗುರ. 3 ಕಿಲೋ ತೂಕದ ರೈಫಲ್ಲಿನಲ್ಲಿ ಒದೆತದ ಶಕ್ತಿ ಒಂದು ಜೂಲಿನ ಎಂಟನೆಯ ಒಂದು ಪಾಲು ಮಾತ್ರ. 12 ಬೋರಿನ ಒದೆತ ಅದರ ಸುಮಾರು 190 ಪಟ್ಟು.

ಒದೆತದಿಂದಾಗುವ ಹೆಚ್ಚಿನ ಕೇಡು ಹೆಗಲಿಗಲ್ಲ, ಅಭ್ಯಾಸಕ್ಕೆ. ಮೊದಲ ದಿನವೇ ದೊಡ್ಡ ಕೋವಿಯ ಪೆಟ್ಟು ತಿಂದವನ ದೇಹವು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಬೆದರುತ್ತದೆ. ಕಣ್ಣು ಮುಚ್ಚಿಹೋಗುತ್ತದೆ, ಭುಜ ಹಿಂಜರಿಯುತ್ತದೆ, ನಳಿಗೆಯ ಬಾಯಿ ಕದಲುತ್ತದೆ. ಈ ಬೆದರಿಕೆ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಆದುದರಿಂದಲೇ ಕಲಿಕೆಯು ಒದೆತವಿಲ್ಲದ ಕೋವಿಯಿಂದ ಆರಂಭವಾಗಬೇಕು.

ಮೈಗೆ ಹೊಂದುವ ಕೋವಿ, ಒಡೆತನದ ಕಣ್ಣು

ಅಂಗಿಯನ್ನು ಅಳತೆಗೆ ಹೊಲಿಸುವಂತೆ ಕೋವಿಯನ್ನೂ ಅಳತೆ ನೋಡಿ ಆರಿಸಬೇಕು. ಬುಡದಿಂದ ಟ್ರಿಗರಿನವರೆಗಿನ ಉದ್ದ ಹೆಚ್ಚಾದರೆ ಕೋವಿಯನ್ನು ಹೆಗಲಿಗೇರಿಸುವಾಗ ಬುಡವು ಅಂಗಿಗೆ ತೊಡರುತ್ತದೆ. ಕಡಮೆಯಾದರೆ ಒದೆದಾಗ ಹೆಬ್ಬೆರಳು ಮೂಗಿಗೆ ತಾಗುತ್ತದೆ. ಸ್ಥೂಲವಾದ ಪರೀಕ್ಷೆಯೊಂದಿದೆ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮೊಣಕೈಯನ್ನು ಮಡಿಸಿ ಅದರ ಒಳಮಡಿಕೆಗೆ ಬುಡವನ್ನು ಒತ್ತಿಟ್ಟರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸುಲಭವಾಗಿ ತಲಪಬೇಕು. ಬೆಳೆಯುತ್ತಿರುವ ಹುಡುಗರಿಗೆ ಹಿರಿಯರ ಕೋವಿ ಹೊಂದದಿರುವುದು ಸಾಮಾನ್ಯವಾಗಿ ಇದೇ ಕಾರಣದಿಂದ.

ಇನ್ನೊಂದು ಪರೀಕ್ಷೆಗೆ ಕೋವಿಯೇ ಬೇಡ. ಎರಡು ಅಂಗೈಗಳನ್ನೂ ಮುಂದಕ್ಕೆ ಚಾಚಿ, ಹೆಬ್ಬೆರಳುಗಳ ಬುಡದಲ್ಲಿ ಸಣ್ಣ ಕಿಂಡಿಯೊಂದು ಉಳಿಯುವಂತೆ ಒಂದರ ಮೇಲೊಂದು ಜೋಡಿಸಿರಿ. ಎರಡೂ ಕಣ್ಣುಗಳನ್ನು ತೆರೆದು ಆ ಕಿಂಡಿಯ ಮೂಲಕ ದೂರದ ಒಂದು ತೆಂಗಿನಮರದ ತುದಿಯನ್ನು ನೋಡಿರಿ. ಈಗ ಒಂದೊಂದೇ ಕಣ್ಣನ್ನು ಮುಚ್ಚಿದರೆ, ಒಂದು ಕಣ್ಣಿಗೆ ಮರ ಕಿಂಡಿಯಲ್ಲಿಯೇ ಕಾಣುತ್ತದೆ, ಇನ್ನೊಂದಕ್ಕೆ ಮಾಯವಾಗುತ್ತದೆ. ಮರವನ್ನು ಬಿಟ್ಟುಕೊಡದ ಕಣ್ಣೇ ನಿಮ್ಮ ಒಡೆತನದ ಕಣ್ಣು. ಬಲಗೈಯವರಲ್ಲಿಯೂ ಕೆಲವರಿಗೆ ಎಡಗಣ್ಣು ಒಡೆತನದ್ದಾಗಿರುತ್ತದೆ. ಅಂತಹವರು ಬಲಹೆಗಲಿಗೆ ಕೋವಿಯೇರಿಸಿ ಎರಡೂ ಕಣ್ಣು ತೆರೆದು ಗುರಿಯಿಟ್ಟರೆ ಈಡು ಪಕ್ಕಕ್ಕೆ ಹೋಗುತ್ತದೆ. ಕೋವಿಯನ್ನು ಆರಿಸುವ ಮೊದಲು ಹೆಗಲನ್ನು ಆರಿಸಬೇಕೆಂದು ಹೇಳುವುದು ಇದರಿಂದಲೇ.

ಬೇಟೆಯೂ ಕಾನೂನೂ

ತುಳುನಾಡಿನ ಭೂತಾರಾಧನೆಯಲ್ಲಿ ಪಂಜುರ್ಲಿಯು ಹಂದಿಯ ರೂಪದ ದೈವ. ಪಂಜಿ ಎಂದರೆ ತುಳುವಿನಲ್ಲಿ ಹಂದಿ. ಬೆಳೆಯನ್ನು ಹಾಳುಮಾಡುವ ಪ್ರಾಣಿಯೊಡನೆ ಇಲ್ಲಿನ ಜನ ಭಯಭಕ್ತಿಗಳೆರಡನ್ನೂ ಬೆರೆಸಿಕೊಂಡು ಬಾಳಿದರು. ಹಂದಿಯ ಹಿಂಡೊಂದು ಒಂದೇ ರಾತ್ರಿಯಲ್ಲಿ ಗೆಣಸಿನ ಪಾತಿಯನ್ನೋ ಬಾಳೆಯ ತೋಟವನ್ನೋ ಉತ್ತು ಹಾಕಿದಾಗ ಕೃಷಿಕನಿಗಾಗುವ ಸಂಕಟ ಸಣ್ಣದಲ್ಲ. ಆದರೆ ಪರಿಹಾರದ ದಾರಿ ಈಗ ಬೇರೆಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ವಿನೋದದ ಬೇಟೆಗೆ ತೆರೆ ಎಳೆದವು. 2022ರ ತಿದ್ದುಪಡಿಯ ಅನಂತರ ನವಿಲು ಮೊದಲನೆಯ ಅನುಸೂಚಿಯಲ್ಲಿಯೂ ಕಾಡುಹಂದಿ ಎರಡನೆಯದರಲ್ಲಿಯೂ ಇವೆ. ಎರಡನೆಯ ಅನುಸೂಚಿಯ ಪ್ರಾಣಿಯು ಜೀವಕ್ಕಾಗಲಿ ನಿಂತ ಬೆಳೆಗಾಗಲಿ ಅಪಾಯಕಾರಿಯಾದಾಗ ಅಧಿಕಾರವುಳ್ಳ ಅರಣ್ಯಾಧಿಕಾರಿಯು ಲಿಖಿತ ಅಪ್ಪಣೆ ಕೊಡಬಹುದು. ಅಂತಹ ಅಪ್ಪಣೆಯಿಲ್ಲದೆ ಹೊಡೆದ ಈಡು ಅಪರಾಧವೇ. ಕೋವಿಗೆ ಬೆಳೆರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯುವ ಅಪ್ಪಣೆ ದೊರೆಯಿತೆಂದು ತಿಳಿಯಬಾರದು.

ವಯಸ್ಸಿನ ಕಟ್ಟಳೆಯೂ ಇದೆ. ಆಯುಧ ಕಾಯಿದೆಯಂತೆ 21 ವರ್ಷ ತುಂಬದವರು ಸಿಡಿಮದ್ದಿನ ಕೋವಿಯನ್ನು ಪಡೆಯುವಂತಿಲ್ಲ, ಇರಿಸಿಕೊಳ್ಳುವಂತಿಲ್ಲ, ಹೊತ್ತು ತಿರುಗುವಂತಿಲ್ಲ. ನಿಯಮಗಳಿಗೆ ಒಳಪಟ್ಟ ತರಬೇತಿಯಲ್ಲಿ ಬಳಸುವುದಕ್ಕೆ ಮಾತ್ರ ವಿನಾಯಿತಿಯಿದೆ. ಆದುದರಿಂದ ಈ ಲೇಖನವನ್ನು ಓದುವ ಬಹುಮಂದಿ ವಿದ್ಯಾರ್ಥಿಗಳಿಗೆ ಮನೆಯ ತೋಟೆ ಕೋವಿಯು ಮುಟ್ಟುವ ವಸ್ತುವೇ ಅಲ್ಲ.

ಹಾಗಾದರೆ ಮೊದಲ ಕೋವಿ ಯಾವುದು?

ಭೌತಶಾಸ್ತ್ರವೂ ಕಾನೂನೂ ಇಲ್ಲಿ ಒಂದೇ ಕಡೆಗೆ ಬೆರಳು ತೋರುತ್ತವೆ: ಗುರಿ ಹಲಗೆಯ ಮುಂದೆ ಬಳಸುವ ಗಾಳಿಕೋವಿ. 10 ಮೀಟರಿನ ಸ್ಪರ್ಧೆಯಲ್ಲಿ ಬಳಸುವ ಗಾಳಿಕೋವಿಯ ನಳಿಗೆ 4.5 ಮಿಲಿಮೀಟರ್ ಅಗಲ. ಅರ್ಧ ಗ್ರಾಂ ತೂಕದ ಸೀಸದ ಚೂರು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಿಂದ ಹೊರಡುತ್ತದೆ. ಅದರ ಚಲನಶಕ್ತಿ 8 ಜೂಲಿನ ಆಸುಪಾಸು. ಪಾಯಿಂಟ್ 22ರ ಗುಂಡಿನದು 140, 12 ಬೋರಿನ ಒಂದು ಈಡಿನದು 2,000ಕ್ಕೂ ಹೆಚ್ಚು. ಭಾರತದ 2016ರ ಆಯುಧ ನಿಯಮಗಳಂತೆ 4.5 ಮಿಲಿಮೀಟರನ್ನೂ 20 ಜೂಲನ್ನೂ ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಒದೆತವಿಲ್ಲ, ಸದ್ದಿಲ್ಲ, ದಪ್ಪ ಹಲಗೆಯೊಂದು ಗುಂಡನ್ನು ತಡೆದು ನಿಲ್ಲಿಸಬಲ್ಲದು.

ಆದರೂ ಅದು ಆಟಿಕೆಯಲ್ಲ. ಕಣ್ಣನ್ನು ಕುರುಡಾಗಿಸಲು, ಹಕ್ಕಿಯನ್ನು ಕೊಲ್ಲಲು 8 ಜೂಲ್ ಧಾರಾಳವಾಗಿ ಸಾಕು. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳ ಉಳಿವಿಗಾಗಿ 2021ರಲ್ಲಿ ಜನರು ತಮ್ಮ ಗಾಳಿಕೋವಿಗಳನ್ನು ತಾವಾಗಿಯೇ ಒಪ್ಪಿಸುವ ಅಭಿಯಾನ ನಡೆಯಿತೆಂಬುದನ್ನು ಇಲ್ಲಿ ನೆನೆಯಬೇಕು. ಗಾಳಿಕೋವಿಗೆ ಪರವಾನಗಿ ಬೇಡವೆಂದರೆ ಗುಬ್ಬಚ್ಚಿಗೆ ರಕ್ಷಣೆಯಿಲ್ಲವೆಂದು ಅರ್ಥವಲ್ಲ.

ಈ ಸಣ್ಣ ಕೋವಿಯಿಂದ ಕಲಿಯುವುದೇನು ಎಂದು ಯಾರಾದರೂ ಕೇಳಬಹುದು. ಸೆಕೆಂಡಿಗೆ 175 ಮೀಟರ್ ವೇಗದ ಗುಂಡಿಗೆ 10 ಮೀಟರ್ ಸಾಗಲು ಸೆಕೆಂಡಿನ 57 ಸಾವಿರಾಂಶ ಬೇಕು. ಅಷ್ಟರಲ್ಲಿ ಅದು ಸುಮಾರು 16 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಹಲಗೆಯ ಮೇಲೆ ಪೂರ್ಣ ಹತ್ತು ಅಂಕ ಕೊಡುವ ಚುಕ್ಕೆಯ ವ್ಯಾಸವೋ ಅರ್ಧ ಮಿಲಿಮೀಟರ್. ಬೀಳುವಿಕೆಯನ್ನು ಸರಿದೂಗಿಸಲು ನೋಟದ ಗೆರೆಯನ್ನು ತಿದ್ದಿಕೊಳ್ಳಬೇಕು, ಉಸಿರನ್ನು ಹಿಡಿತದಲ್ಲಿಡಬೇಕು, ಟ್ರಿಗರನ್ನು ಜಗ್ಗದೆ ಒತ್ತಬೇಕು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನವನ್ನು ಗೆದ್ದುದು ಈ 10 ಮೀಟರಿನ ಗಾಳಿಕೋವಿಯಿಂದಲೇ. ಇದಾದ ಬಳಿಕ ರೈಫಲ್ಲನ್ನೇ ಹಿಡಿಯಬೇಕೆನ್ನುವವರಿಗೆ ಶಾಲಾ ಕಾಲೇಜುಗಳ ಎನ್.ಸಿ.ಸಿ. ಇದೆ. 1948ರಲ್ಲಿ ಆರಂಭವಾದ ಈ ದಳದ ಕೆಡೆಟ್ಟುಗಳಿಗೆ ಪಾಯಿಂಟ್ 22 ರೈಫಲ್ಲಿನಿಂದ ಗುರಿಯಿಡುವುದನ್ನು ಕಲಿಸುತ್ತಾರೆ. ಅಲ್ಲಿ ಹಲಗೆಯ ಹಿಂದೆ ಮಣ್ಣಿನ ದಿಬ್ಬವಿರುತ್ತದೆ, ಪಕ್ಕದಲ್ಲಿ ಶಿಕ್ಷಕರಿರುತ್ತಾರೆ. ಒಂದೂವರೆ ಕಿಲೋಮೀಟರ್ ಹೋಗಬಲ್ಲ ಗುಂಡನ್ನು ಆ ದಿಬ್ಬ ಕೆಲವೇ ಅಂಗುಲಗಳಲ್ಲಿ ನಿಲ್ಲಿಸುತ್ತದೆ.

ಮುಂದೊಂದು ದಿನ ವಯಸ್ಸಾಗಿ, ಪರವಾನಗಿ ದೊರೆತು, ಬೆಳೆ ಕಾಯುವ ಕೋವಿ ಕೈಗೆ ಬಂದಾಗ ಈ ಕಲಿಕೆಯೇ ಉಪಯೋಗಕ್ಕೆ ಬರುತ್ತದೆ. ಕತ್ತಲಲ್ಲಿ ಪೊದೆ ಅಲುಗಿದ ಕಡೆಗೆ, ಹಂದಿಯೆಂದು ಭ್ರಮಿಸಿ, ಜೊತೆಗಾರನಿಗೇ ಈಡು ಹೊಡೆದ ಸುದ್ದಿ ನಮ್ಮ ಕರಾವಳಿ ಮಲೆನಾಡುಗಳ ಪತ್ರಿಕೆಗಳಲ್ಲಿ ಬಂದಿರುವುದು ಒಂದೆರಡು ಸಲವಲ್ಲ. ಸತ್ತವನೂ ಹೊಡೆದವನೂ ಎಷ್ಟೋ ಸಲ ಒಂದೇ ಊರಿನವರು, ಗೆಳೆಯರು. ಆ ಅನಾಹುತಗಳಿಗೆ ಕೋವಿಯ ಬಲ ಕಡಮೆಯಾದುದು ಕಾರಣವಲ್ಲ. ಸದ್ದಿಗೆ ಗುರಿಯಿಟ್ಟುದು ಕಾರಣ.

ಆದುದರಿಂದ ಕಲಿಯುವವರು ನಾಲ್ಕು ಮಾತುಗಳನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಎಲ್ಲ ಕೋವಿಯೂ ತುಂಬಿದೆಯೆಂದೇ ಭಾವಿಸಬೇಕು. ಹೊರಗಿನಿಂದ ನೋಡಿದರೆ ತಿಳಿಯದ ಹಳೆಯ ಕೇಪಿನ ಕೋವಿಯ ವಿಷಯದಲ್ಲಂತೂ ಇದು ಎರಡು ಪಟ್ಟು ನಿಜ. ನಳಿಗೆಯ ಬಾಯಿಯನ್ನು ಯಾವ ಮನುಷ್ಯನ ಕಡೆಗೂ ತಿರುಗಿಸಬಾರದು. ಗುರಿಯನ್ನು ಕಣ್ಣಾರೆ ಕಂಡು ಇಂತಹುದೇ ಎಂದು ಗುರುತಿಸುವವರೆಗೆ ಬೆರಳು ಟ್ರಿಗರಿಗೆ ಹೋಗಬಾರದು. ಗುರಿಯ ಹಿಂದೆ ಈಡನ್ನು ನುಂಗುವ ಮಣ್ಣಿನ ದರೆಯಿಲ್ಲದಿದ್ದರೆ ಕೋವಿಯನ್ನು ಎತ್ತಬಾರದು. ಇವನ್ನು 10 ಮೀಟರಿನ ಹಲಗೆಯ ಮುಂದೆ, 8 ಜೂಲಿನ ಕೋವಿಯೊಡನೆ ಕಲಿಯಬಹುದು. ಅಲ್ಲಿ ತಪ್ಪಿದರೆ ಹೋಗುವುದು ಅಂಕ ಮಾತ್ರ.